ತೀರ್ಥಳ ಹೆಸರು ಕರೆದು ಕೊಟ್ಟ ಮನೆ

ಅಜ್ಜಂಪುರ
12 ಜೂನ್ 2024

ಆನಂದನಿಗೆ,

ಕ್ಷೇಮ ಸಮಾಚಾರ ಆಮೇಲೆ. ಮೊದಲು, ನಿನ್ನ ಒಂದು ಮಾತಿನಿಂದ ನನಗೆ ಇಲ್ಲಿಯವರೆಗೆ ಆದ ಖರ್ಚು ನೋಡು. ಕಡೂರಿನ ವಕೀಲರ ಹತ್ತಿರ ನಾಲ್ಕು ಸಲ ಓಡಾಟ, ನಾಲ್ಕು ಸಲವೂ ಬೂಸಾ ಅಂಗಡಿಗೆ ಅರ್ಧ ದಿನ ಬೀಗ. ಅಪ್ಪನ ಶಿವಗಣಾರಾಧನೆಯ ದಿನ ಎರಡು ಕೊಳಗ ಪಾಯಸ ಹಾಗೇ ಉಳಿಯಿತು. ನೀನು ಬಾಯಿ ಬಿಟ್ಟ ಮೇಲೆ ಜನ ಎಲೆ ನೋಡುವುದು ಬಿಟ್ಟು ನನ್ನ ಮುಖ ನೋಡಿದರು. ನನ್ನ ಹೆಂಡತಿ ಪ್ರತಿಮಾ ಹದಿನೈದು ದಿನ ಮಾತು ಬಿಟ್ಟಳು. ಇದನ್ನು ಖರ್ಚಿಗೆ ಹಾಕಬೇಕೋ ಜಮೆಗೋ ಇನ್ನೂ ತೀರ್ಮಾನಿಸಿಲ್ಲ. ಕೊನೆಯದಾಗಿ, ಕಡೂರು ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಶುರುವಾದ ನಲವತ್ತೈದು ವರ್ಷದ ಸ್ನೇಹ, ಒಂದು.

ಫೋನು ಮಾಡಿದರೆ ತೆಗೆಯುವುದಿಲ್ಲ. ‘ಮೂರ್ತಿ ಬಾಯಲ್ಲಿ ಗೆಲ್ತಾನೆ, ಕಾಗದ ಬರೀಲಿ’ ಅಂದೆಯಂತೆ. ಸರಿ ಮೇಷ್ಟರೇ, ಬರೆಯುತ್ತಿದ್ದೇನೆ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿಕೊಳ್ಳಿ.

ನಡೆದದ್ದು ಇಷ್ಟು. ಅಪ್ಪನಿಗೆ ಕಣ್ಣು ಹೋಗಿ ಐದು ವರ್ಷ. ಕೊನೆಯ ತಿಂಗಳು ಅವನ ಬಾಯಲ್ಲಿ ಒಂದೇ ಹೆಸರು, ದೇವನೂರಿಗೆ ಕೊಟ್ಟ ನನ್ನ ತಂಗಿ ತೀರ್ಥಮ್ಮನದು. ಫೆಬ್ರವರಿ ಆರರಂದು ನೀನು ಮೂಸಂಬಿ ಹಿಡಿದುಕೊಂಡು ತರೀಕೆರೆಯಿಂದ ನೋಡಲು ಬಂದಿದ್ದೆ. ಆಗ ಮಂಚದ ಪಕ್ಕ ಇದ್ದವಳು ದ್ಯಾವಮ್ಮ, ಏಳು ವರ್ಷದಿಂದ ನಮ್ಮ ಮನೆಯ ಹಿಂಬದಿಯ ಮನೆಯಲ್ಲಿದ್ದು ಅಪ್ಪನ ಆರೈಕೆ ಮಾಡಿದ ಯಗಟಿ ಕಡೆಯ ಹೆಂಗಸು. ಅಪ್ಪ ಅವಳ ಕೈಯನ್ನೇ ತೀರ್ಥಳ ಕೈ ಅಂದುಕೊಂಡ. ಹೆಗಲ ಮೇಲಿನ ಟವೆಲ್ ಎಳೆದು ಕೈಗಳ ಮೇಲೆ ಮುಚ್ಚಿದ. ದನದ ದಲ್ಲಾಳಿಯಲ್ಲವೇ, ಐವತ್ತು ವರ್ಷ ಸಂತೆಯಲ್ಲಿ ಗುಟ್ಟಾಗಿ ಬೆಲೆ ಕುದುರಿಸಿದ ಹಾಗೆಯೇ ಟವೆಲ್ಲಿನೊಳಗೆ ಬೆರಳು ಹಿಡಿದು ಒತ್ತಿದ. ‘ತೀರ್ಥಾ, ಹಿಂದಿನ ಮನೆ, ಜಾಗ ಸಮೇತ, ನಿಂದು ಕಣವ್ವ. ಆಯ್ತು’ ಅಂದ. ಕೈ ಬಿಟ್ಟ. ಅದಾಗಿ ಹನ್ನೊಂದನೆಯ ದಿನಕ್ಕೆ ಲಿಂಗೈಕ್ಯನಾದ.

ಇದರಲ್ಲಿ ದ್ಯಾವಮ್ಮನಿಗೆ ಬಂದದ್ದೇನು? ವಿಳಾಸ ತಪ್ಪಿ ಬಂದ ಮನಿಯಾರ್ಡರಿಗೆ ರುಜು ಹಾಕಿದವನು ಅದರ ಯಜಮಾನನಾಗುತ್ತಾನೆಯೇ? ಆದರೆ ನೀನು ನೆಂಟರಿಷ್ಟರು, ಮಠದವರು ಎಲ್ಲ ಕೂತ ಪಂಕ್ತಿಯಲ್ಲಿ ‘ಹಿಂದಿನ ಮನೆ ದ್ಯಾವಮ್ಮಂದಲ್ವಾ ಮೂರ್ತಿ, ಕೊಟ್ಟಾಯ್ತಲ್ಲ’ ಅಂದುಬಿಟ್ಟೆ.

ವಕೀಲರು ಹೇಳಿದ್ದಾರೆ, ಮನೆ ಜಾಗದ ವಿಷಯದಲ್ಲಿ ಬಾಯಿಮಾತಿನ ದಾನ ನಿಲ್ಲುವುದಿಲ್ಲ. ತೀರ್ಥ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿದರೆ ಖಾತೆ ನನ್ನ ಹೆಸರಿಗೆ ಬರುತ್ತದೆ. ದ್ಯಾವಮ್ಮನಿಗೆ ಆಷಾಢ ಕಳೆಯುವವರೆಗೆ ಗಡುವು ಕೊಟ್ಟಿದ್ದೇನೆ. ನಿನ್ನಿಂದ ಬೇಕಾದದ್ದು ಒಂದೇ ಕಾಗದ: ‘ಆ ದಿನ ಓಂಕಾರಮೂರ್ತಿಯ ತಂದೆ ಕರಿಸಿದ್ದಪ್ಪನವರಿಗೆ ಎದುರಿಗಿದ್ದವರು ಯಾರೆಂಬ ಅರಿವಿರಲಿಲ್ಲ.’ ನಿಜವನ್ನೇ ಬರೆದುಕೊಡು ಎನ್ನುತ್ತಿದ್ದೇನೆ. ಸುಳ್ಳನ್ನಲ್ಲ.

ಇಂತಿ,
ಪಾಯಸ ಉಳಿಸಿಕೊಂಡವನು,
ಓಂಕಾರಮೂರ್ತಿ


ತರೀಕೆರೆ
24 ಜೂನ್ 2024

ಪ್ರಿಯ ಮೂರ್ತಿ,

ಕೆಂಪು ಶಾಯಿ ಹೋದ ವರ್ಷ ನಿವೃತ್ತನಾದಾಗಲೇ ಮುಗಿಯಿತು. ಆದರೂ ಒಂದು ಕಡೆ ತಿದ್ದಬೇಕಿತ್ತು, ಅದನ್ನು ನೀನೇ ತಿದ್ದುತ್ತೀ ಎಂದು ಬಿಟ್ಟಿದ್ದೇನೆ.

ನಾನು ಭಾನುವಾರ ಹತ್ತು ಹದಿನೈದು ಜನಕ್ಕೆ ಬೈಬಲ್ ಓದಿ ಅರ್ಥ ಹೇಳುವುದು, ಅದಕ್ಕಾಗಿ ನಲವತ್ತು ದಾಟಿದ ಮೇಲೆ ಹೀಬ್ರೂ ಕಲಿಯಲು ಕೂತದ್ದು ನಿನಗೆ ಗೊತ್ತು. ‘ಬಲದಿಂದ ಎಡಕ್ಕೆ ಬರೆಯೋ ಲೆಕ್ಕ ಯಾವತ್ತೂ ತಾಳೆ ಆಗಲ್ಲ ಕಣೋ’ ಎಂದು ನೀನು ನಗುತ್ತಿದ್ದೆ. ಆ ಗ್ರಂಥದಲ್ಲಿ ಕಣ್ಣು ಕಾಣದ ಇಸಾಕನೆಂಬ ಮುದುಕ ಇದ್ದಾನೆ. ದೊಡ್ಡ ಮಗನಿಗೆ ಎಂದು ಇಟ್ಟಿದ್ದ ಆಶೀರ್ವಾದವನ್ನು, ಕೈ ಮುಟ್ಟಿ ನೋಡಿ, ಮೋಸಹೋಗಿ, ಚಿಕ್ಕವನಿಗೆ ಕೊಟ್ಟುಬಿಡುತ್ತಾನೆ. ಗೊತ್ತಾದ ಮೇಲೆ ಗಡಗಡ ನಡುಗುತ್ತಾನೆ. ಆದರೆ ಹಿಂದಕ್ಕೆ ಪಡೆಯುವುದಿಲ್ಲ. ದೊಡ್ಡವನು ಎದುರಿಗೆ ನಿಂತು ಅತ್ತರೂ ಪಡೆಯುವುದಿಲ್ಲ.

ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಮೋಸ ಎಂದು ತಿಳಿಯಿತಲ್ಲ, ರದ್ದು ಮಾಡು ಮುದುಕ! ನಾವು ಮಾತನ್ನು ಮನಸ್ಸಿನಲ್ಲಿರುವುದರ ನಕಲು ಎಂದುಕೊಂಡಿದ್ದೇವೆ. ಮೂಲದಲ್ಲಿ ಬೇರೆ ಇದ್ದರೆ ನಕಲನ್ನು ಹರಿದು ಹಾಕಿದರಾಯಿತು. ಆ ಜನ ಹಾಗೆ ಯೋಚಿಸಿದವರಲ್ಲ. ಅವರು ಕುರಿ ಕಾದವರು, ಗುಡಾರ ಹೊಡೆದವರು. ಅವರಿಗೆ ಹೇಳಿದ್ದು ಎಂದರೆ ಮಾಡಿದ್ದು. ಬಿತ್ತಿದ ಕಾಳಿನ ಹಾಗೆ ಕೈ ದಾಟಿ ಹೋದದ್ದು. ದೇವರು ಒಬ್ಬನನ್ನು ನೆನೆದ ಎಂದರೆ, ಮರೆತಿದ್ದು ಜ್ಞಾಪಕ ಬಂತು ಎಂದಲ್ಲ, ಅವನ ಕೆಲಸಕ್ಕೆ ಎದ್ದು ಹೊರಟ ಎಂದು. ಕೇಳಿಸಿಕೊಂಡೆ ಎಂದರೆ ನಡೆಸಿಕೊಟ್ಟೆ ಎಂದು. ಸತ್ಯ ಎಂದರೆ ತಲೆಯೊಳಗೆ ಹೊಂದಿಕೊಳ್ಳುವ ಸಂಗತಿಯಲ್ಲ, ಹೋರಿ ಜಗ್ಗಿದರೂ ಅಲುಗದ ಗೂಟ. ಇದು ನನ್ನ ತಲೆಗೆ ಹೋಗಲು ಹತ್ತು ವರ್ಷ ಹಿಡಿಯಿತು.

ನಿಮ್ಮಪ್ಪನಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಕಣ್ಣು ಹೋದ ಹೊಸದರಲ್ಲಿ, ನಿಮ್ಮ ಜಗಲಿಯ ಮೇಲೆ, ಈ ಕಥೆ ಹೇಳಿ ನನ್ನ ಸಂಶಯ ಮುಂದಿಟ್ಟೆ. ಎಲೆ ಅಡಿಕೆ ಜಗಿಯುತ್ತಾ ಹೇಳಿದರು: ‘ಇದ್ರಾಗೆ ತಲೆ ಕೆಡಿಸ್ಕಳಾದು ಏನೈತೆ ಮೇಷ್ಟ್ರೇ? ಕೈ ಬಿಟ್ಟ ಮ್ಯಾಲೆ ಮುಗೀತು. ತಪ್ಪಾದ್ರೆ ನಾನು ನಡುಗ್ತೀನಿ. ಯಾಪಾರ ಯಾಕೆ ನಡುಗ್‌ಬೇಕು?’

ಆಮೇಲೆ ನೀನೇ ನೂರು ಸಲ ಹೇಳಿಕೊಂಡ ಆ ಸಂತೆಯ ಕಥೆಯನ್ನು ಅವರ ಬಾಯಿಂದಲೂ ಕೇಳಿದೆ. ಜನಜಂಗುಳಿಯಲ್ಲಿ ಟವೆಲ್ಲಿನೊಳಗೆ ಇನ್ನಾರದೋ ಕೈ ಹಿಡಿದು, ರೈತನೊಬ್ಬನ ಹೋರಿ ಜೋಡಿಯನ್ನು ಕಡಿಮೆಗೆ ಮುಗಿಸಿಬಿಟ್ಟದ್ದು. ‘ಕೈ ತಪ್ಪೈತೆ, ಯಾಪಾರ ತಪ್ಪಿಲ್ಲ’ ಎಂದು ರೈತನ ನಷ್ಟವನ್ನು ತಾವೇ ತುಂಬಿಕೊಟ್ಟದ್ದು. ಅಂದಿನಿಂದ ಕಡೂರು, ಬೀರೂರು, ಅಜ್ಜಂಪುರದ ಸಂತೆಗಳಲ್ಲಿ ‘ಕರಿಸಿದ್ದಪ್ಪನ ಕೈ’ ಎಂದರೆ ಬರಹಕ್ಕಿಂತ ಹೆಚ್ಚಾಯಿತು. ಆ ಕೈಯ ಹೆಸರಿನ ಮೇಲೇ ನೀನು ದಲ್ಲಾಳಿಯಾದೆ, ಅಂಗಡಿ ಇಟ್ಟೆ.

ನಿನಗೆ ಬೇಕಾದ ಕಾಗದ ನಾನು ಬರೆಯುವುದಿಲ್ಲ. ದ್ಯಾವಮ್ಮನಿಗೆ ಅರವತ್ತೆರಡು. ಯಗಟಿಯಲ್ಲಿ ಅವಳಿಗೆ ಯಾರೂ ಉಳಿದಿಲ್ಲ. ಆಷಾಢ ಕಳೆದರೆ ಎಲ್ಲಿಗೆ ಹೋಗುತ್ತಾಳೆ ಎಂದು ಕೇಳಿದ್ದೀಯಾ?

ನಿನ್ನ,
ಆನಂದ


ಅಜ್ಜಂಪುರ
9 ಜುಲೈ 2024

ಆನಂದ ಮೇಷ್ಟರಿಗೆ,

ನಿನ್ನ ಇಸಾಕ ನಮ್ಮ ಪಟ್ಟಣ ಪಂಚಾಯಿತಿಗೆ ಯಾವ ವರ್ಷ ಕಂದಾಯ ಕಟ್ಟಿದ್ದ? ಅವನ ಗುಡಾರಕ್ಕೆ ಖಾತೆ ಇತ್ತೇ? ಗೂಟ ಕಿತ್ತು ಇನ್ನೊಂದು ಕಡೆ ಹೊಡೆದುಕೊಳ್ಳುವವರ ಧರ್ಮವನ್ನು ತಂದು, ಸೈಜುಗಲ್ಲಿನ ತಳಪಾಯ ಹಾಕಿದವನ ತಲೆಗೆ ಕಟ್ಟುತ್ತೀಯಲ್ಲ!

ನೀನು ಹೇಳದೆ ಬಿಟ್ಟ ಭಾಗವನ್ನೂ ನಾನು ಕೇಳಿ ತಿಳಿದುಕೊಂಡೆ. ನಮ್ಮ ಅಂಗಡಿಗೆ ಹಿಂಡಿ ತರುವವನು ನಿನ್ನ ಭಾನುವಾರದ ಗುಂಪಿನವನೇ. ಆ ಚಿಕ್ಕ ಮಗ ತಾನಾಗಿ ಹೋಗಿ ಕೂತದ್ದಲ್ಲವಂತೆ. ತಾಯಿ ಕೈಗೆ ಮೇಕೆ ಚರ್ಮ ಸುತ್ತಿ, ಅಣ್ಣನ ಬಟ್ಟೆ ಹಾಕಿ ಕಳಿಸಿದಳಂತೆ. ಅಂದರೆ ಮೋಸ ಮಾಡಿದವರಿಗೇ ಬಹುಮಾನ, ಅಲ್ಲವೇ? ಇದನ್ನು ಭಾನುವಾರ ಕೂರಿಸಿಕೊಂಡು ಹೇಳಿಕೊಡುತ್ತೀಯಾ?

ಅಪ್ಪನ ಸಂತೆ ಕಥೆ ನನಗೇ ಹೇಳಲು ಬರಬೇಡ. ಅಪ್ಪ ತುಂಬಿಕೊಟ್ಟ ಆ ನಷ್ಟಕ್ಕೆ ಮೂರು ತಿಂಗಳು ನಮ್ಮ ಮನೆಯಲ್ಲಿ ಒಂದೇ ಹೊತ್ತು ಮುದ್ದೆ ಬೆಂದದ್ದು. ಜನ ಕೈಯನ್ನು ಹೊಗಳಿದರು, ಹೊಟ್ಟೆ ನಮ್ಮದಿತ್ತು.

ಮತ್ತೆ ಆ ದ್ಯಾವಮ್ಮ! ‘ಅಯ್ಯಾ, ನಾನು ತೀರ್ಥವ್ವ ಅಲ್ಲ’ ಅನ್ನಲು ಎಷ್ಟು ಹೊತ್ತು ಬೇಕಿತ್ತು? ಮೊನ್ನೆ ಹಿಂದಿನ ಮನೆಗೆ ಹೋಗಿ ಇದನ್ನೇ ಕೇಳಿದೆ. ಹುರುಳಿ ಆರಿಸುತ್ತಿದ್ದಳು, ಮೊರ ಕೆಳಗಿಡಲಿಲ್ಲ.

‘ನಾನೇನು ಬಾಯ್ಬಿಟ್ಟು ಕೇಳಿದ್ನಾ ಬುದ್ಧಿ, ಮನೆ ಕೊಡಿ ಅಂತ?’

‘ಕೇಳ್ಲಿಲ್ಲ. ಸುಮ್ನೆ ಕೂತು ಇಸ್ಕಂಡೆ.’

‘ಹೋಗೂಂದ್ರೆ ಹೋಯ್ತೀನಿ. ಮೂರು ಪಾತ್ರೆ, ಒಂದು ಕಂಬ್ಳಿ, ಎಷ್ಟೊತ್ತಿನ ಕೆಲ್ಸ? ಆದ್ರೆ ಕಳ್ಳಿ ಅನ್ನಿಸ್ಕಂಡು ಹೋಗಾಕಿಲ್ಲ. ಅವತ್ತು ಆಗಿದ್ದೇನು ಅಂತ ನಿಮ್ಗೂ ಗೊತ್ತೈತೆ, ಮೇಷ್ಟ್ರಿಗೂ ಗೊತ್ತೈತೆ.’

ನನ್ನ ಸೂರಿನ ಕೆಳಗೆ ಕೂತು ನನಗೇ ಎದುರು ಮಾತು. ಇರಲಿ. ತೀರ್ಥಳಿಗೆ ಬರೆದಿದ್ದೇನೆ: ಅಪ್ಪ ನಿನ್ನ ಹೆಸರು ಹಿಡಿದು ಕೊಟ್ಟದ್ದನ್ನು ದ್ಯಾವಮ್ಮ ನಿನ್ನ ಹಾಗೆ ನಟಿಸಿ ನುಂಗಿದ್ದಾಳೆ, ಬಿಡುಗಡೆ ಪತ್ರಕ್ಕೆ ರುಜು ಮಾಡಿ ಕಳಿಸು, ನಿನ್ನ ಪರವಾಗಿ ನಾನು ಹೋರಾಡುತ್ತೇನೆ ಎಂದು. ಮೂರು ವರ್ಷದಿಂದ ಮಾತಿಲ್ಲದ ತಂಗಿಗಾಗಿ ಅಣ್ಣ ಇಷ್ಟು ಮಾಡುತ್ತಿದ್ದಾನೆ. ಇದಕ್ಕೂ ಹೀಬ್ರೂನಲ್ಲಿ ಏನಾದರೂ ಇದ್ದರೆ ಹುಡುಕಿ ಇಡು.

ಇಂತಿ,
ಸೈಜುಗಲ್ಲಿನವನು,
ಓಂಕಾರಮೂರ್ತಿ


ತರೀಕೆರೆ
2 ಆಗಸ್ಟ್ 2024

ಮೂರ್ತಿ,

ನೀನು ತೀರ್ಥಮ್ಮನಿಗೆ ಬರೆದ ಕಾಗದವನ್ನು ಆಕೆ ನನಗೆ ಕಳಿಸಿದ್ದಾಳೆ. ಜೊತೆಗೆ ಒಂದೇ ಸಾಲು: ‘ಇದು ನಿಜವಾ ಆನಂದಣ್ಣ?’

ನೀನು ತಿದ್ದಲಿ ಎಂದು ಬಿಟ್ಟಿದ್ದನ್ನು ಈಗ ನಾನೇ ತಿದ್ದುತ್ತೇನೆ. ಆ ದಿನ ಮಂಚದ ಪಕ್ಕ ಇದ್ದವಳು ದ್ಯಾವಮ್ಮ ಎಂದು ನೀನು ಬರೆದೆ. ಇರಲಿಲ್ಲ. ಅವಳು ಗಂಜಿ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಿಮ್ಮಪ್ಪ ‘ತೀರ್ಥನ್ನ ಕರಿಯೋ, ಒಂದ್ಸಲ ಕರಿಯೋ’ ಎಂದು ಒರಲುತ್ತಿದ್ದರು. ನೀನು, ‘ಬಂದವ್ಳೆ ಕಣಪ್ಪ, ಈಗ ಬಸ್ಸಿಳಿದು ಬಂದ್ಳು, ತಗಾ’ ಎಂದೆ. ದ್ಯಾವಮ್ಮನ ರಟ್ಟೆ ಹಿಡಿದು ಎಳೆದುಕೊಂಡು ಬಂದು, ಅವಳ ಕೈಯನ್ನು ನೀನೇ ಅವರ ಕೈಯೊಳಗೆ ಇಟ್ಟೆ. ಆಕೆ ಬಾಯಿ ತೆರೆದಳು. ನೀನು ತುಟಿಯ ಮೇಲೆ ಬೆರಳಿಟ್ಟು ಕಣ್ಣು ಬಿಟ್ಟೆ. ಗಂಜಿ ನೆಲದ ಮೇಲೆ ಚೆಲ್ಲಿತು. ಆಗ ನಿಮ್ಮಪ್ಪ ಟವೆಲ್ ಎಳೆದುಕೊಂಡರು. ನೀನು ಅದನ್ನು ಎಣಿಸಿರಲಿಲ್ಲ. ನಿನ್ನ ಮುಖ ನಾನು ನೋಡಿದೆ.

ಮೇಕೆ ಚರ್ಮ ಸುತ್ತಿದ ತಾಯಿಯ ಬಗ್ಗೆ ಎಷ್ಟು ಸಿಟ್ಟಿನಿಂದ ಬರೆದೆಯಪ್ಪ!

ದೇವನೂರು ಎಷ್ಟು ದೂರ? ಕಡೂರಿನಲ್ಲಿ ಒಂದು ಬಸ್ಸು ಬದಲಿಸಿದರೆ ಆಯಿತು. ಒಂದು ಫೋನು ಮಾಡಿದ್ದರೆ ಆಕೆ ಸಂಜೆಯೊಳಗೆ ಬರುತ್ತಿದ್ದಳು. ನೀನು ಮಾಡಲಿಲ್ಲ. ಮೂರು ವರ್ಷದ ಹಿಂದೆ ಭಾಗ ಕೇಳಿದ್ದಳು. ಬಂದರೆ ಅಪ್ಪ ಏನಾದರೂ ಕೊಟ್ಟುಬಿಟ್ಟಾನು ಎಂಬ ಭಯ ನಿನಗೆ. ಅವಳು ಬರದೇ ಇದ್ದರೂ ಅಪ್ಪ ಕೊಟ್ಟುಬಿಟ್ಟರು. ಈಗ ಅವಳ ಹೆಸರಿನಲ್ಲೇ ಅದನ್ನು ನಿನಗೆ ಎಳೆದುಕೊಳ್ಳುತ್ತಿದ್ದೀಯ.

ನಾನೂ ದೊಡ್ಡ ಮನುಷ್ಯನಲ್ಲ. ಆ ಕೋಣೆಯಲ್ಲಿ ಮೂಸಂಬಿ ಚೀಲ ಹಿಡಿದುಕೊಂಡು ನಿಂತಿದ್ದೆ, ಬಾಯಿ ಬಿಡಲಿಲ್ಲ. ಹನ್ನೊಂದು ದಿನ ನನ್ನ ಜೇಬಿನಲ್ಲೂ ಫೋನಿತ್ತು. ಗೆಳೆಯನ ಮನೆಯ ವಿಷಯ ಎಂದು ಸುಮ್ಮನಿದ್ದೆ. ಪಂಕ್ತಿಯಲ್ಲಿ ಮಾತಾಡಿದ್ದು ಧೈರ್ಯದಿಂದಲ್ಲ, ಆ ಹನ್ನೊಂದು ದಿನದ ನಾಚಿಕೆಯಿಂದ.

ತೀರ್ಥಮ್ಮನಿಗೆ ಎಲ್ಲವನ್ನೂ ಬರೆದು ಇವತ್ತೇ ಅಂಚೆಗೆ ಹಾಕಿದ್ದೇನೆ. ನನ್ನ ಪಾಲನ್ನೂ ಬಿಡದೆ ಬರೆದಿದ್ದೇನೆ.

ಆನಂದ


ದೇವನೂರು
21 ಆಗಸ್ಟ್ 2024

ಅಣ್ಣನಿಗೆ,

ತೀರ್ಥಮ್ಮ ಹೇಳಿದ್ದು, ಮಗಳು ಕೃತಿಕಾ ಬರೆದದ್ದು. ನಾನೇ ಬರೆಯಲು ಕೂತು ಎರಡು ಹಾಳೆ ಹರಿದು ಹಾಕಿದೆ. ಅಳುವಿಗಲ್ಲ ಕಣೋ, ಸಿಟ್ಟಿಗೆ.

ಫೆಬ್ರವರಿ ಆರು ಎಂದರೆ ಮಂಗಳವಾರ. ಆ ದಿನ ನಾನು ಇಲ್ಲಿ ರಾಗಿ ಕೇರುತ್ತಿದ್ದೆ. ಅದು ನಾಳೆಗೂ ಇರುತ್ತಿತ್ತು, ನಾಡಿದ್ದಿಗೂ ಇರುತ್ತಿತ್ತು. ನೀನು ಕರೆದಿದ್ದರೆ ಮೊರ ಅಲ್ಲೇ ಹಾಕಿ ಬರಿಗಾಲಲ್ಲಿ ಬರುತ್ತಿದ್ದೆ. ಹದಿನೇಳಕ್ಕೆ ನಿನ್ನ ಫೋನು ಬಂತು, ‘ಅಪ್ಪ ಹೋಯ್ತು’ ಅಂತ. ಅಷ್ಟು ಹೇಳಲು ನಿನಗೆ ನನ್ನ ನಂಬರು ಸಿಕ್ಕಿತಲ್ಲ!

ಬಂದು ನೋಡಿದರೆ ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಆ ಕೈ ಹಿಡಿದೆ. ಕಟ್ಟಿಗೆಯಂತಿತ್ತು. ಮೂರು ವರ್ಷ ಅಪ್ಪನೂ ನನ್ನ ಮೇಲೆ ಮುನಿಸಿಕೊಂಡಿದ್ದಾನೆ ಎಂದುಕೊಂಡಿದ್ದೆ. ಹಾಗೆಂದು ನೀನೇ ಹೇಳಿ ಕಳಿಸಿದ್ದೆ. ಈಗ ಆನಂದಣ್ಣ ಬರೆದಿದ್ದಾರೆ, ಅಪ್ಪ ತಿಂಗಳಿಡೀ ಕರೆದದ್ದು ನನ್ನನ್ನೇ ಎಂದು.

ದ್ಯಾವಮ್ಮನನ್ನು ಕಳ್ಳಿ ಎಂದು ನನಗೆ ಬರೆದೆ. ನಾನು ನಂಬಿದೆ. ಮೂರು ವಾರ ಅವಳಿಗೆ ಶಾಪ ಹಾಕಿದೆ. ಏಳು ವರ್ಷ ನನ್ನಪ್ಪನ ಮಲಮೂತ್ರ ಬಳಿದವಳಿಗೆ! ಆ ಪಾಪವನ್ನೂ ನನ್ನ ತಲೆಗೆ ಕಟ್ಟಿದೆ.

ಹಿಂದಿನ ಮನೆ ದ್ಯಾವಮ್ಮಂದು. ಅಪ್ಪ ಯಾರ ಹೆಸರನ್ನೇ ಕರೆದಿರಲಿ, ಕೈ ಹಿಡಿದು ಕೊಟ್ಟಾಗಿದೆ. ನಾನು ದಲ್ಲಾಳಿ ಮಗಳು, ಇದನ್ನು ನನಗೆ ಮೇಷ್ಟರು ಹೇಳಿಕೊಡಬೇಕಿಲ್ಲ. ಅವಳ ಹೆಸರಿಗೆ ದಾನಪತ್ರ ಬರೆಸು, ರುಜು ಹಾಕಲು ಬರುತ್ತೇನೆ. ಬರೆಸದಿದ್ದರೆ ಆ ಜಾಗವೊಂದೇ ಅಲ್ಲ, ಅಂಗಡಿಯ ಜಾಗಕ್ಕೂ ಭಾಗದ ದಾವೆ ಹಾಕುತ್ತೇನೆ. ಅದೂ ಅಪ್ಪನ ಹೆಸರಲ್ಲೇ ಇದೆ, ಮರೆಯಬೇಡ.

ಆನಂದಣ್ಣ ಬರೆದ ಕಥೆಯಲ್ಲಿ ದೊಡ್ಡ ಮಗ ಅತ್ತನಂತೆ, ‘ನನಗೆ ಒಂದೂ ಉಳಿಸಲಿಲ್ಲವೇನಪ್ಪಾ’ ಎಂದು. ಅವನಿಗೆ ಕೇಳಲು ಅಪ್ಪನಾದರೂ ಬದುಕಿದ್ದ.

ನಾನು ಯಾರನ್ನು ಕೇಳಲಿ, ಹೇಳು.

ತೀರ್ಥಮ್ಮ


ಅಜ್ಜಂಪುರ
18 ನವೆಂಬರ್ 2024

ಆನಂದನಿಗೆ,

ನಿನ್ನ ಮೇಲಿನ ಸಿಟ್ಟು ಇಳಿದಿದೆ ಎಂದುಕೊಂಡು ಈ ಕಾಗದ ಒಡೆಯಬೇಡ. ಇಳಿದಿಲ್ಲ. ನೀನು ಆ ದಿನ ಕೋಣೆಯಲ್ಲೇ ಕೆನ್ನೆಗೆ ಬಾರಿಸಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಪಂಕ್ತಿಯಲ್ಲಿ ಬಾಯಿ ಬಿಟ್ಟವನು ಅಪ್ಪ ಇದ್ದಾಗಲೇ ಬಿಟ್ಟಿದ್ದರೆ ಅವಳು ಬಂದಿರುತ್ತಿದ್ದಳು. ನನಗೆ ಬುದ್ಧಿ ಇರಲಿಲ್ಲ, ಸರಿ. ನೀನು ಓದಿದವನು, ನಿನಗೆ ಏನಾಗಿತ್ತು?

ಅಂಗಡಿಗೆ ಹೆದರಿ ದಾನಪತ್ರ ಬರೆಸಿದ ಎಂದು ನೀನು ಅಂದುಕೊಳ್ಳುತ್ತೀ. ಹೌದು, ಮೊದಲು ಹೆದರಿದ್ದು ಅಂಗಡಿಗೇ. ವಕೀಲರು ‘ಎಳೀಬಹುದು, ಹತ್ತು ವರ್ಷ ಎಳೆಯೋಣ’ ಅಂದರು. ‘ಎಳೆದು?’ ಎಂದು ಕೇಳಿದೆ. ಅವರು ಫೈಲು ಮುಚ್ಚಿದರು. ದಾನಪತ್ರವನ್ನೇ ಬರೆಯಿರಿ ಅಂದೆ.

ಮೊನ್ನೆ ಶುಕ್ರವಾರ ನೋಂದಣಿ ಕಚೇರಿಯಲ್ಲಿ ಮುಗಿಯಿತು. ಸಾಕ್ಷಿಗೆ ನಿನ್ನನ್ನು ಕರೆಯಲಿಲ್ಲ. ನಿನ್ನ ಸಾಕ್ಷಿ ಈಗಾಗಲೇ ಬೇಕಾದಷ್ಟಾಗಿದೆ. ತೀರ್ಥ ಕೃತಿಕಾಳ ಜೊತೆ ಬಂದಳು. ನಾನು ‘ತಿಂಡಿ ಆಯ್ತಾ?’ ಅಂದೆ. ನನ್ನ ಹಿಂದಿದ್ದ ಗೋಡೆಯ ಕ್ಯಾಲೆಂಡರ್ ನೋಡಿದಳು. ರುಜು ಹಾಕಿದಳು, ಫೋಟೋಕ್ಕೆ ಕೂತಳು, ಎದ್ದಳು. ಅಷ್ಟೂ ಹೊತ್ತು ನನಗೆ ಅವಳ ಬೈತಲೆ ಕಂಡಿತು, ಮುಖ ಕಾಣಲಿಲ್ಲ.

ದ್ಯಾವಮ್ಮ ಹೊರಗೆ ಬೆಂಚಿನ ತುದಿಯಲ್ಲಿ ಕೂತಿದ್ದಳು. ತೀರ್ಥ ಅವಳ ಪಕ್ಕ ಹೋಗಿ ಕೂತಳು.

‘ಬೈಕಂಡೆ ಕಣವ್ವ ನಿನ್ನ, ಮೂರು ವಾರ. ಹೊಟ್ಟೇಗೆ ಹಾಕ್ಕಾ.’

‘ಬುಡಿ ಅವ್ವಾ, ನಿಮ್ಗೇನ್ ಗೊತ್ತಿತ್ತು.’

‘ಯಾವ ಕೈ?’

ದ್ಯಾವಮ್ಮನಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು, ಬಾಗಿಲಲ್ಲಿ ನಿಂತವನಿಗೆ.

‘ಅಪ್ಪ ಯಾವ ಕೈ ಹಿಡ್ಕಂಡಿತ್ತು ಅವತ್ತು?’

ಅವಳು ಬಲಗೈ ಸೆರಗಿಗೆ ಒರೆಸಿ ಚಾಚಿದಳು. ತೀರ್ಥ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ಒಳಗೆ ಇನ್ನೊಬ್ಬರ ಹೆಸರು ಕೂಗಿದರು, ಜನ ಎದ್ದರು, ಬೇರೆ ಜನ ಬಂದು ಕೂತರು. ಅವಳು ಬಿಡಲಿಲ್ಲ. ‘ಬಿಗಿಯಾಗಿ ಹಿಡ್ಕಂಡಿತ್ತಾ?’ ಎಂದು ಕೇಳಿದಳು. ‘ಬೋ ಬಿಗಿಯಾಗಿ ಕಣವ್ವ’ ಎಂದಳು ದ್ಯಾವಮ್ಮ. ಆಮೇಲೆ ಕೃತಿಕಾ ಬಸ್ಸಿಗೆ ಹೊತ್ತಾಯಿತು ಎಂದಳು.

ನಾನು ಬಸ್ ನಿಲ್ದಾಣದವರೆಗೆ ಹಿಂದೆ ಹೋದೆ. ಕಡೂರು ಬಸ್ಸು ಹೊರಟಾಗ ಕಿಟಕಿಯಲ್ಲಿ ಅವಳಿದ್ದಳು. ಕೈ ಎತ್ತಿದೆ. ಕಂಡಕ್ಟರ್ ಎತ್ತಿದ.

ಆನಂದ, ನಿನ್ನ ಹೀಬ್ರೂ ನನಗೆ ಈಗಲೂ ಬೇಡ. ಆ ಮುದುಕ ಯಾಕೆ ನಡುಗಿದ ಎನ್ನುವುದು ಮಾತ್ರ ಗೊತ್ತಾಯಿತು.

ಯಾರಿಗೆ ಏನು ಬಂತು ಎಂದು ಬರೆದು ಮುಗಿಸುತ್ತೇನೆ.

ದ್ಯಾವಮ್ಮನಿಗೆ ಎರಡು ಕೋಣೆ, ಒಂದು ತೆಂಗಿನ ಮರ, ಮೂವತ್ತು ನಲವತ್ತರ ಜಾಗ.
ವಕೀಲರಿಗೆ ಅವರ ಫೀಸು.
ನಿನಗೆ, ನೀನು ಹೇಳಿದ್ದೇ ಸರಿ ಎಂಬ ಮಾತು. ಅದನ್ನೂ ನಾನು ಬಾಯಿಬಿಟ್ಟು ಹೇಳಿಲ್ಲ, ಬರೆದಿದ್ದೇನೆ ಅಷ್ಟೇ.
ಅಪ್ಪನಿಗೆ, ಮಗಳು ಬಂದಳು ಎಂಬ ನೆಮ್ಮದಿ, ಹನ್ನೊಂದು ದಿನ.
ನನಗೆ, ಒಂದು ದಾನಪತ್ರದ ನಕಲು. ಅದರಲ್ಲಿ ನನ್ನ ರುಜುವಿನ ಪಕ್ಕ ತಂಗಿಯ ರುಜು.
ತೀರ್ಥಳಿಗೆ ಏನೂ ಇಲ್ಲ.

ಓಂಕಾರಮೂರ್ತಿ